ನುಂಗಿಹೋದ ಒಂದು ಎಕರೆ

ಮಾನ್ವಿ ಬಸ್ ನಿಲ್ದಾಣದಲ್ಲಿ ಇವತ್ತು ಮಿರ್ಚಿ ಕಟ್ಟಿಕೊಟ್ಟ ಕಾಗದ ಯಾರದೋ ಹಳೆಯ ಪಹಣಿಯ ಜೆರಾಕ್ಸ್. ಎಣ್ಣೆ ಹೀರಿದ ಮೇಲೂ ಎಕರೆ, ಗುಂಟೆ ಸ್ಪಷ್ಟವಾಗಿ ಕಾಣುತ್ತಿದ್ದವು. ನೀವಾಗಿದ್ದರೆ ಮಿರ್ಚಿ ತಿನ್ನುತ್ತಿದ್ದಿರಿ. ನಾನು ಗುಂಟೆ ಕೂಡಿಸತೊಡಗಿದೆ. ನಲವತ್ತು ಗುಂಟೆಗೆ ಒಂದು ಎಕರೆ ಎಂಬುದು ನಮ್ಮ ಕಡೆ ಶಾಲೆಯ ಮೆಟ್ಟಿಲು ಹತ್ತದವರಿಗೂ ಗೊತ್ತು. ಗೊತ್ತಿರದಿದ್ದದ್ದು ಗಣಿತದ ಮಾಸ್ತರನಾದ ನಾನು ಬರೆದ ಕಂಪ್ಯೂಟರ್ ಕೋಡಿಗೆ ಮಾತ್ರ.

ಕೆಲವು ವರ್ಷಗಳ ಹಿಂದೆ, ಕಾಲುವೆ ನೀರು ಹಂಚುವ ರೈತರ ಸಂಘಕ್ಕೆ ಒಂದು ತಂತ್ರಾಂಶ ಬರೆದುಕೊಟ್ಟೆ. ಹೊಲ ಎಷ್ಟೋ ಅಷ್ಟು ಹೊತ್ತು ನೀರಿನ ಪಾಳಿ. ಕೋಡನ್ನೂ ಯಾರು ಬೇಕಾದರೂ ಬಳಸಲೆಂದು ಇಂಟರ್ನೆಟ್ಟಿನಲ್ಲಿ ಇಟ್ಟೆ. ಇಂಥ ಔದಾರ್ಯದಲ್ಲಿ ಒಂದು ಸುಖವಿದೆ: ಯಾರೂ ತೆಗೆದುಕೊಳ್ಳುವುದಿಲ್ಲ, ದಾನಿ ಎಂಬ ಹೆಸರು ಮಾತ್ರ ಉಳಿಯುತ್ತದೆ. ಆದರೆ ದೇವದುರ್ಗದ ಕಂಪ್ಯೂಟರ್ ಟೀಚರ್ ಮಹಾದೇವಿ ತೆಗೆದುಕೊಂಡೇಬಿಟ್ಟರು. ಹೊಲದ ಅಳತೆಯಂತೆ ಬೀಜ ಹಂಚುವ ಪಟ್ಟಿಗಾಗಿ ಅವರೂ ಒಂದು ಮುಕ್ತ ತಂತ್ರಾಂಶ ಮಾಡುತ್ತಿದ್ದರು. ಗುಂಟೆ ಕೂಡಿಸುವ ನನ್ನ ಇಪ್ಪತ್ತು ಸಾಲು ಅವರಿಗೆ ಬೇಕಿತ್ತು.

“ಸರ್, ಇವೇ ಸಾಲು ನಿಮ್ಮಲ್ಲೂ ಅದಾವ, ನಮ್ಮಲ್ಲೂ ಅದಾವ,” ಎಂದು ಫೋನ್ ಮಾಡಿದರು. “ಬ್ಯಾರೆ ತಗದು ಒಂದ ಕಡಿ ಲೈಬ್ರರಿ ಮಾಡಿ ಇಡೋಣ್ರಿ. ಒಬ್ಬರು ತಿದ್ದಿದ್ರ ಇಬ್ಬರಿಗೂ ಆಗ್ತದ.”

“ಭಾಳ ಛಲೋ, ಮಾಡ್ರಿ,” ಎಂದೆ. ಮಾಡಿದರು. ನಾನು ಮಾತ್ರ ನನ್ನ ಪ್ರತಿಯನ್ನೇ ಇಟ್ಟುಕೊಂಡೆ. ನಾನೇ ಬರೆದದ್ದನ್ನು ಇನ್ನೊಬ್ಬರ ಹತ್ತಿರ ಇಸಿದುಕೊಳ್ಳುವುದೆಂದರೆ ಮರ್ಯಾದೆ ಹೋದಂತೆ ಅನಿಸಿತು. ಏನೇ ತಿದ್ದಿದರೂ ಮಹಾದೇವಿ ಇಮೇಲ್ ಬರೆಯುತ್ತಿದ್ದರು. ನಾನು ಓದದೆಯೇ ‘ಧನ್ಯವಾದ’ ಎಂದು ಉತ್ತರಿಸುತ್ತಿದ್ದೆ.

ಅಷ್ಟರಲ್ಲಿ ಬಾಗಲವಾಡದ ಈರಮ್ಮ ಸಂಘದ ಕಚೇರಿಗೆ ಬಂದಳು. ನನ್ನ ತಾಯಿಯ ವಯಸ್ಸು. ಮೂರು ಕಡೆ ಮೂರು ತುಂಡು ಭತ್ತದ ಹೊಲ.

“ಮಾಸ್ತರಾ, ಕಾಲುವಿ ತುಂಬ ನೀರು ಹೊಂಟದ. ಮೂರನೇ ಹೊಲಕ್ಕ ಬರೋದ್ರಾಗ ನನ್ನ ಪಾಳಿ ಮುಗೀತದ. ನಾಟಿ ಒಣಗಾಕತ್ತದ, ಒಂದೀಟು ನೋಡಪ್ಪಾ.”

“ಕಂಪ್ಯೂಟರ್ ಲೆಕ್ಕ ಅದ ಯವ್ವಾ, ತಪ್ಪಂಗಿಲ್ಲ,” ಎಂದೆ. ಹೇಳುವಾಗ ಗತ್ತಿನಿಂದ ಕನ್ನಡಕ ಸರಿಪಡಿಸಿಕೊಂಡದ್ದೂ ನೆನಪಿದೆ.

ಮೂರನೇ ಹೊಲದಲ್ಲಿ ಒಂದು ಎಕರೆ ಭತ್ತ ಜೊಳ್ಳಾಯಿತು. ಮುಂದಿನ ಹಂಗಾಮಿಗೆ ಮತ್ತೆ ಬಂದಳು. ಈ ಸಲ ಮೂರೂ ಪಹಣಿ ಮೇಜಿನ ಮೇಲಿಟ್ಟು ಕೂತಳು. ಬಾಯಿ ಮುಚ್ಚಿಸೋಣವೆಂದು ಕಾಗದದ ಮೇಲೆ ಕೂಡಿಸಿದೆ. ಕಂಪ್ಯೂಟರ್ ಲೆಕ್ಕಕ್ಕಿಂತ ಒಂದು ಎಕರೆ ಹೆಚ್ಚು ಬಂತು. ಇನ್ನೊಮ್ಮೆ ಕೂಡಿಸಿದರೂ ಅಷ್ಟೇ. ಗುಂಟೆಗಳೆಲ್ಲ ಸೇರಿ ಎಂಬತ್ತು ದಾಟಿದರೆ ಎರಡು ಎಕರೆ ಏರಿಸಬೇಕು. ನನ್ನ ಕೋಡು ಒಂದನ್ನೇ ಏರಿಸಿ ಇನ್ನೊಂದನ್ನು ನುಂಗಿತ್ತು. ಎರಡೇ ತುಂಡು ಇದ್ದವರ ಗುಂಟೆ ಎಂಬತ್ತು ಮುಟ್ಟುವುದಿಲ್ಲ, ಅವರಿಗೆ ಇದು ತಟ್ಟಿರಲೇ ಇಲ್ಲ.

ಅಲ್ಲಿಂದಲೇ ದೇವದುರ್ಗಕ್ಕೆ ಫೋನ್ ಹಚ್ಚಿ, ದೊಡ್ಡ ಶೋಧ ಮಾಡಿದವನಂತೆ ವಿವರಿಸಿದೆ. ಮಹಾದೇವಿ ಪೂರ್ತಿ ಕೇಳಿಸಿಕೊಂಡು ಹೇಳಿದರು:

“ಸರ್, ಅದನ್ನ ಹೋದ ವರ್ಷನ ತಿದ್ದೀನ್ರಿ. ನಿಮಗೂ ಬರದಿದ್ದೆ. ಧನ್ಯವಾದ ಅಂದಿದ್ರಿ.”

“ಯಾರಪ್ಪಾ ಅವರು?” ಎಂದಳು ಈರಮ್ಮ.

ನಾಚಿಕೆಯಿಂದ ಸತ್ಯವನ್ನೇ ಹೇಳಿದೆ: “ತಪ್ಪು ತಿದ್ದಿದವರು, ಯವ್ವಾ. ಹೋದ ವರ್ಷನ ತಿದ್ದಿ ಕಳಿಸಿದ್ರು. ನಾನು ನೋಡಿದ್ದಿಲ್ಲ.”

ಈರಮ್ಮ ಪಹಣಿಗಳನ್ನು ಮಡಚುತ್ತ ಕೇಳಿದಳು: “ಹಂಗಾರ ವರ್ಷದಿಂದ ನನ್ನ ನೀರು ನಿನ್ನ ಹತ್ರನ ಇತ್ತೇನಪ್ಪಾ?”

ನನ್ನ ಪ್ರತಿಯನ್ನು ಅಂದೇ ಅಳಿಸಿದೆ. ಈಗ ನನ್ನ ತಂತ್ರಾಂಶವೂ ಮಹಾದೇವಿಯವರ ಲೈಬ್ರರಿಯಿಂದಲೇ ಗುಂಟೆ ಕೂಡಿಸುತ್ತದೆ. ಇವತ್ತು ಸಂಘದ ಕಚೇರಿ ಗೋಡೆಗೆ ಹೊಸ ಹಂಗಾಮಿನ ಪಾಳಿ ಪಟ್ಟಿ ಹಚ್ಚುತ್ತೇವೆ. ಈರಮ್ಮ ಬಂದು, ನನ್ನೆದುರೇ ಬೆರಳು ಮಡಚಿ ಗುಂಟೆ ಕೂಡಿಸುತ್ತಾಳೆ. ಕಂಪ್ಯೂಟರ್ ಸರಿ ಇದೆ ಎಂದು ನಾನು ಹೇಳುವುದಿಲ್ಲ. ಅವಳು ಮುಗಿಸುವವರೆಗೆ ನಿಂತಿರುತ್ತೇನೆ.