ಅತ್ತೆಯ ಪಾಲಿನ ಕಟ್ಟು

ಕುಕ್ಕರಿನ ಮುಚ್ಚಳ ತೆಗೆದರೆ ಸಾಕು, ತೊಗರಿಬೇಳೆಯ ಬಿಸಿ ವಾಸನೆಯ ಜೊತೆ ನನ್ನ ಅತ್ತೆ ಅಡುಗೆಮನೆಗೆ ಬಂದುಬಿಡುತ್ತಾಳೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಬದುಕಿದ್ದಾಗ ಆಡಲು ಬಿಟ್ಟಿದ್ದರೆ ಈಗೇಕೆ ಆಡುತ್ತಿದ್ದೆ?

ಬನಹಟ್ಟಿಯ ನಮ್ಮ ಮನೆಯಲ್ಲಿ ಸೌಟು ಆಕೆಯದು. ಬೆಂದ ಬೇಳೆಯ ಮೇಲಿನ ತಿಳಿನೀರನ್ನು, ಅಂದರೆ ಕಟ್ಟನ್ನು, ಬೇರೆ ಪಾತ್ರೆಗೆ ಬಸಿದು ಹೆಂಗಸರಿಗೆ ಇಡುತ್ತಿದ್ದಳು. ಅಡಿಯ ಗಟ್ಟಿ ಬೇಳೆ ಮಗ್ಗ ನಡೆಸುವ ಗಂಡಸರಿಗೆ. ಹಲ್ಲಿಲ್ಲವೆಂಬ ನೆಪದಲ್ಲಿ ಆಕೆಗೂ. ನಾವು ಸೊಸೆಯಂದಿರು ಜೋಳದ ರೊಟ್ಟಿಯನ್ನು ಕಟ್ಟಿನಲ್ಲಿ ಅದ್ದಿ, ಖಾರ ಹಚ್ಚಿಕೊಂಡು ನುಂಗುತ್ತಿದ್ದೆವು.

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಆಗ ಹಸಿ ಬಾಣಂತಿ. ಕೂಸಿಗೆ ಹಾಲೂಡಿಸಿ ಎದ್ದವಳೇ ನೂಲು ಸುತ್ತಲು ಕೂರುತ್ತಿದ್ದಳು. ಬಾಚಿದರೆ ಕೂದಲು ಹಿಡಿಹಿಡಿಯಾಗಿ ಬರುತ್ತಿತ್ತು, ಎದ್ದು ನಿಂತರೆ ಕಣ್ಣು ಕತ್ತಲೆ. ಜಮಖಂಡಿಯ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರಮ್ಮ ಅತ್ತೆಯನ್ನೇ ಎದುರಿಗೆ ಕೂರಿಸಿಕೊಂಡು ಹೇಳಿದರು: "ಬರೇ ರೊಟ್ಟಿ ಸಾಲಂಗಿಲ್ರಿ ಅಜ್ಜಿ. ಲೈಸಿನ್ ಅಂತ ಒಂದ ಸತ್ವ ಐತಿ. ಮೈ ಅದನ್ನ ತಾನ ಮಾಡ್ಕೊಳ್ಳಂಗಿಲ್ಲ, ಊಟದಾಗಿಂದನ ಬರಬೇಕು. ಜೋಳದಾಗ ಅದು ಕಡಿಮಿ, ಬ್ಯಾಳಿ-ಕಾಳಿನ್ಯಾಗ ಭಾಳ. ರೊಟ್ಟಿ ಜೋಡಿ ಗಟ್ಟಿ ಬ್ಯಾಳಿ ಹಾಕ್ರಿ."

ಅತ್ತೆ ತಲೆಯಾಡಿಸಿದಳು. ಬಸ್ಸು ಹತ್ತುವ ಮೊದಲೇ ಮಾತು ತಿರುಗಿತು.

"ಬಾಣಂತಿಗಿ ಬ್ಯಾಳಿ ವಾಯು ಬೇ. ಸತ್ವ ಎಲ್ಲಾ ಕಟ್ಟಿನ್ಯಾಗ ಇಳದಿರತೈತಿ. ಹೆಂಗಸರಿಗಿ ಕಟ್ಟ ಸಾಕು."

ಒಂದೆರಡು ಸಲ ನಾನು ಕದ್ದು ನೆಗೆಣ್ಣಿಗೆ ಬೇಳೆ ಬಡಿಸಿದೆ. ಸೌಟು ನನ್ನ ಮೊಣಕೈಗೆ ಬಿತ್ತು... ಆ ಚಳಿಗಾಲದ ಜ್ವರ ಮನೆಯ ಎಲ್ಲರಿಗೂ ಬಂದು ಹೋಯಿತು. ನೆಗೆಣ್ಣಿಯ ಮೈಯಲ್ಲಿ ತಡೆದುಕೊಳ್ಳಲು ಏನು ಉಳಿದಿತ್ತು? ಊರವರು ಜ್ವರಕ್ಕೆ ಸತ್ತಳು ಅಂದರು. ನಾನು ಅತ್ತೆ ಕೊಂದಳು ಅನ್ನುತ್ತೇನೆ, ಇವತ್ತಿಗೂ.

ಅತ್ತೆ ಸತ್ತಾಗ ನನಗೆ ಅಳು ಬರಲಿಲ್ಲ, ಸೌಟು ಬಂತು. ನೆಗೆಣ್ಣಿಯ ಕೂಸು ಈಗ ಹೈಸ್ಕೂಲು ಹುಡುಗಿ, ನನ್ನನ್ನೇ ಅವ್ವ ಅನ್ನುತ್ತಾಳೆ. ಅವಳ ತಟ್ಟೆಗೆ ಮೊದಲು ಗಟ್ಟಿ ಬೇಳೆ, ಪಕ್ಕದಲ್ಲಿ ಹೆಸರುಕಾಳಿನ ಪಲ್ಯ. ಸಾಕು ಅಂದರೂ ನಾನು ಕೇಳುವುದಿಲ್ಲ. ಅವಳ ಜಡೆ ಸೊಂಟ ದಾಟಿದೆ. ಅತ್ತೆಯ ಫೋಟೋದ ಎದುರೇ ಕೂರಿಸಿಕೊಂಡು ಬಾಚುತ್ತೇನೆ, ಬೇಕಂತಲೇ.

ಇವತ್ತು ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡುವ ದಿನ. ನೆಗೆಣ್ಣಿಯ ಎಲೆಗೆ ರೊಟ್ಟಿ, ತುಪ್ಪ, ಸೌಟು ತುಂಬ ಗಟ್ಟಿ ಬೇಳೆ. ಅತ್ತೆಯ ಎಲೆಗೆ ರೊಟ್ಟಿ, ಒಂದು ಬಟ್ಟಲು ಕಟ್ಟು.

"ಅವ್ವಗ ಬ್ಯಾಳಿ ಹಾಕಿಲ್ಲಲ್ಲ?" ಅಂದರು ನನ್ನ ಗಂಡ.

"ಹೆಂಗಸರಿಗಿ ಕಟ್ಟ ಸಾಕಂತ ನಿಮ್ಮವ್ವನ ಹೇಳ್ಯಾಳ್ರಿ."

ಅವರು ಕೈಮುಗಿದರು. ನಾನೂ ಮುಗಿದೆ, ಒಂದೇ ಎಲೆಗೆ. ಅದರ ಮೇಲಿನ ಬೇಳೆ ಆಗಲೇ ಆರತೊಡಗಿತ್ತು... ಬಿಸಿ ಇದ್ದಾಗ ಉಣ್ಣಬೇಕಾದವಳು ಇರಲಿಲ್ಲ.