ಠಾಣೆಯ ಸೂತಕ

ನಮ್ಮ ಕಲ್ಲುಹೊಳೆಯ ಮಡಿವಾಳರ ಸಣ್ಣಸ್ವಾಮಿ ತನ್ನ ಕೊನೆಯ ಇಪ್ಪತ್ತೆರಡು ವರ್ಷ ಖಾಕಿ ಬಟ್ಟೆ ಮುಟ್ಟಲಿಲ್ಲ. ಹೊಸದಾಗಿ ವರ್ಗವಾಗಿ ಬಂದ ಪೊಲೀಸಿನವನು ಬಟ್ಟೆಗಂಟು ಹೊತ್ತು ಅವನ ಗುಡಿಸಲಿಗೆ ಹೋಗುವುದು, ಅವನು ಕೈಮುಗಿದು ಠಾಣೆಗೆ ಸೂತಕ ಕಳೆದಿಲ್ಲ ಎನ್ನುವುದು, ಬಂದವನು ಇವನಿಗೆ ತಲೆ ಕೆಟ್ಟಿದೆ ಎಂದು ಬೈದುಕೊಂಡು ಗಂಟು ಹೊತ್ತು ಮರಳುವುದು, ಇದನ್ನು ನಾನು ಎಷ್ಟು ಸಲ ಕಂಡು ಕೇಳಿದ್ದೇನೋ. ಠಾಣೆಯ ಎದುರು ಅಂಚೆಕಚೇರಿಯ ಜಗಲಿಯಲ್ಲಿ ಕೂತು ಅರ್ಜಿ ಬರೆಯುವುದು ನನ್ನ ಕಸುಬು. ಅವನಿಗೆ ತಲೆ ಕೆಟ್ಟಿರಲಿಲ್ಲ. ಕೆಟ್ಟಿದ್ದರೆ ನಾನು ನೆಮ್ಮದಿಯಾಗಿ ಇರುತ್ತಿದ್ದೆ.

ಅವನ ಅಪ್ಪ ಅರಕಲಗೂಡಿನ ಕಡೆಯಿಂದ ಬಂದು ಸುಂಟಿಕೊಪ್ಪದ ರಸ್ತೆಯ ಈ ಊರಲ್ಲಿ ನಿಂತವನು. ಠಾಣೆಯ ಬಟ್ಟೆ ಒಗೆಯುವ ಕೆಲಸ ಬ್ರಿಟಿಷರ ಕಾಲದಿಂದ ಅವರ ಮನೆಯದೇ. ಹೊಳೆದಂಡೆಯ ಸರ್ಕಾರಿ ಜಾಗದಲ್ಲಿ ಗುಡಿಸಲು, ಪಕ್ಕದಲ್ಲಿ ಬಟ್ಟೆ ಬೇಯಿಸಿ ಉಬ್ಬೆ ಹಾಕುವ ದೊಡ್ಡ ಹಂಡೆ. ಗೇರಿನ ರಸದಲ್ಲಿ ಒಂದೊಂದು ಮನೆಯ ಬಟ್ಟೆಗೂ ಒಂದೊಂದು ಗುರುತು. ಠಾಣೆಗೆ ಮೂರು ಚುಕ್ಕಿ. ಅವನ ಕೈಯಲ್ಲಿ ಹೋಗದ ಕಲೆಯಿಲ್ಲ. ನೆತ್ತರಾದ ಬಟ್ಟೆಯನ್ನು ಬಿಸಿನೀರಿಗೆ ಹಾಕಿದರೆ ಕಲೆ ಕೂತುಬಿಡುತ್ತದೆ, ತಣ್ಣೀರಲ್ಲಿ ಉಪ್ಪು ಹಾಕಿ ತಿಕ್ಕಬೇಕು ಎಂದು ಹೆಂಡತಿ ಹುಚ್ಚಮ್ಮನಿಗೆ ಪಾಠ ಹೇಳುತ್ತಿದ್ದ. ನನ್ನ ಪಂಚೆಯೂ ಆಗ ಅವನಿಂದಲೇ ಬೆಳ್ಳಗಿರುತ್ತಿತ್ತು.

ಒಂದು ವಿಷಯದಲ್ಲಿ ಮಾತ್ರ ಅವನು ಬಲು ಕಟ್ಟುನಿಟ್ಟು. ಸಾವಾದ ಮನೆಯ ಬಟ್ಟೆಯನ್ನು ಬೇರೆ ಬಟ್ಟೆಯ ಜೊತೆ ಬೆರೆಸುತ್ತಿರಲಿಲ್ಲ. ಅದಕ್ಕೆ ಬೇರೆ ಕಲ್ಲು, ಬೇರೆ ನೀರು. ಹನ್ನೊಂದನೆಯ ದಿನ ಅವನು ಮಡಿ ಬಟ್ಟೆ ತಂದುಕೊಟ್ಟ ಮೇಲೆಯೇ ಆ ಮನೆಗೆ ಸೂತಕ ಕಳೆದಂತೆ. ಎಂಥ ಸಾಹುಕಾರರ ಮನೆಯಾದರೂ ಅಷ್ಟು ಹೊತ್ತು ಅವನ ದಾರಿ ಕಾಯಬೇಕಿತ್ತು.

ಕೊಡಗು ಆಗ ತನ್ನದೇ ಒಂದು ರಾಜ್ಯ. ಐವತ್ತನಾಲ್ಕರ ಜನವರಿ, ಕಾಫಿ ಕುಯ್ಲಿನ ಕಾಲ. ಪಕ್ಕದ ಎಸ್ಟೇಟಿನ ಕಣದಿಂದ ಒಂದು ಮೂಟೆ ಕಾಫಿ ಕಾಣೆಯಾಯಿತೆಂದು ಅಲ್ಲಿನ ಲೆಕ್ಕ ಬರೆಯುವ ರೈಟರ್ ದೂರು ಕೊಟ್ಟ. ಶನಿವಾರ ಸಂಜೆ ಪೊಲೀಸರು ಎಸ್ಟೇಟಿನ ಕೂಲಿಯವರ ಲೈನುಮನೆಯಲ್ಲಿದ್ದ ಆಳು ಬೀರನನ್ನು ಹಿಡಿದುಕೊಂಡು ಹೋದರು. ಯಾಕೆ ಬೀರನೇ ಎಂದರೆ, ಯಾರನ್ನಾದರೂ ಹಿಡಿಯಬೇಕಿತ್ತು, ಅವನನ್ನು ಕೇಳುವವರು ಯಾರೂ ಇರಲಿಲ್ಲ.

ಕೇಳುವವಳು ಒಬ್ಬಳಿದ್ದಳು. ಸೋಮವಾರ ಬೆಳಿಗ್ಗೆ ಅವನ ಹೆಂಡತಿ ಚೋಮಿ ಬಂದು ನನ್ನ ಮುಂದೆ ಕೂತಳು. ಗಂಡನನ್ನು ಬಿಡಿಸಲು ಒಂದು ಅರ್ಜಿ ಬರೆದುಕೊಡಬೇಕೆಂದಳು.

"ಒಳಗೆ ಅವ್ನು ಕೆಮ್ಮೋದು ಕೇಳ್ತದೆ ಬುದ್ಧಿ. ಗೋಡೆ ಹಿಂದೆ ನಿಂತ್ರೆ ಕೇಳ್ತದೆ," ಎಂದಳು.

ಹಿಡಿದವನನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಹೊಸ ಸಂವಿಧಾನದಲ್ಲಿ ಬರೆದಿದೆ. ಆ ಪುಸ್ತಕವನ್ನು ನಾನು ಮಡಿಕೇರಿಯಿಂದ ತರಿಸಿ, ರಟ್ಟು ಹಾಕಿಸಿ, ಬಂದವರಿಗೆಲ್ಲ ತೋರಿಸಿ ಜಂಬ ಕೊಚ್ಚುತ್ತಿದ್ದೆ. ಚೋಮಿಗೆ ತೋರಿಸಲಿಲ್ಲ. ಎದುರಿನ ಠಾಣೆಯ ಮೆಟ್ಟಿಲ ಮೇಲೆ ದಫೇದಾರ ಹಲ್ಲಿಗೆ ಕಡ್ಡಿ ಹಾಕುತ್ತ ನಮ್ಮನ್ನೇ ನೋಡುತ್ತಿದ್ದ. ಅರ್ಜಿ ಗಿರ್ಜಿ ಎಂದರೆ ಅವರಿಗೆ ಸಿಟ್ಟು ಬರುತ್ತದೆ, ಇವತ್ತೋ ನಾಳೆಯೋ ಬಿಟ್ಟೇಬಿಡುತ್ತಾರೆ, ನಾಳೆ ಬಾ ಎಂದು ಸಮಾಧಾನ ಹೇಳಿ ಕಳಿಸಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿ ನಾನು. ಅವಳು ಸಂಜೆಯವರೆಗೆ ರಸ್ತೆಯಾಚೆಯ ಮರದ ಕೆಳಗೆ ಕೂತಿದ್ದು ಲೈನಿಗೆ ಹೋದಳು.

ಮಂಗಳವಾರ ಬೆಳಿಗ್ಗೆ ಸಣ್ಣಸ್ವಾಮಿ ಎಂದಿನಂತೆ ಠಾಣೆಗೆ ಹೋದ. ಜಗಲಿಯಲ್ಲೇ ಗಂಟು ಬಿಚ್ಚಿ ಬಟ್ಟೆ ಎಣಿಸಿದ. ಎರಡು ಖಾಕಿ ಚಡ್ಡಿಗೆ ನೆತ್ತರಾಗಿತ್ತು. ಅಡಿಯಲ್ಲಿ ಗುರುತಿಲ್ಲದ ಒಂದು ಬಿಳಿ ಅಂಗಿ, ಎಡ ಹೆಗಲಿಗೆ ಕೆಂಪು ತೇಪೆ, ಅದಂತೂ ನೆತ್ತರಲ್ಲಿ ತೊಯ್ದು ಮುದ್ದೆಯಾಗಿತ್ತು. ನೆಲ ಒರೆಸಿದ ಹಾಗೆ ಮಣ್ಣೂ ಮೆತ್ತಿತ್ತು. ಬೇರೆ ಊರಾಗಿದ್ದರೆ ಎದೆ ಧಸಕ್ಕೆನ್ನುತ್ತಿತ್ತೇನೋ. ಇದು ಕೊಡಗು. ಚಳಿಗಾಲದಲ್ಲಿ ಅಂಗಿಗೆ ನೆತ್ತರಾಗಿದೆ ಎಂದರೆ ಕಾಡುಹಂದಿ ಹೊಡೆದಿದ್ದಾರೆ, ಕಡಿದು ಹಸಿಗೆ ಮಾಡಿ ಪಾಲು ಹಾಕಿದ್ದಾರೆ ಎಂದೇ ಅರ್ಥ.

"ಹಂದಿ ಬಿತ್ತಾ ಸ್ವಾಮಿ? ನಂಗೆ ಪಾಲಿಲ್ವಾ?" ಎಂದು ಅವನು ನಗುತ್ತಾ ಕೇಳಿದ.

ಪಾಲೆಲ್ಲ ಮುಗಿಯಿತು ಎಂದು ಒಬ್ಬ ಪೊಲೀಸಿನವನೂ ನಕ್ಕನಂತೆ. ಒಳಗಿನ ಲಾಕಪ್ಪಿನ ಬಾಗಿಲಿಗೆ ಗೋಣಿ ಇಳಿಬಿಟ್ಟಿದ್ದರು. ಸಣ್ಣಸ್ವಾಮಿ ಹೊಳೆಗೆ ಹೋಗಿ ಆ ಅಂಗಿಯನ್ನು ಏಳು ನೀರಲ್ಲಿ ಅದ್ದಿ, ಉಪ್ಪು ಹಾಕಿ ತಿಕ್ಕಿ, ಚೌಳುಮಣ್ಣಿನ ನೀರಲ್ಲಿ ಉಬ್ಬೆ ಹಾಕಿ, ಮಲ್ಲಿಗೆ ಹೂವಿನಂತೆ ಮಾಡಿದ.

ಬುಧವಾರ ಬೀರನ ಹೆಣ ಹೊಳೆಯಲ್ಲಿ ಸಿಕ್ಕಿತು. ಮೈಮೇಲೆ ಅಂಗಿ ಇರಲಿಲ್ಲ. ಮಂಗಳವಾರ ಸಂಜೆಯೇ ಬಿಟ್ಟು ಕಳಿಸಿದೆವು, ಬಿಳಿ ಅಂಗಿ ತೊಟ್ಟು ನಡೆದುಕೊಂಡು ಹೋದ, ಕುಡಿದು ಬಿದ್ದಿರಬೇಕು, ಅಂಗಿಯನ್ನು ನೀರು ಎಳೆದುಕೊಂಡು ಹೋಗಿರಬೇಕು ಎಂದು ದಫೇದಾರ ಬರೆದ. ಜನವರಿಯಲ್ಲಿ ಆ ಹೊಳೆಯಲ್ಲಿ ಮೊಣಕಾಲುದ್ದ ನೀರಿರುತ್ತದೆ. ಅಷ್ಟು ನೀರು ಒಬ್ಬ ಗಂಡಾಳನ್ನು ಮುಳುಗಿಸಿ ಅವನ ಗುಂಡಿಯನ್ನೂ ಬಿಚ್ಚಿತೆಂದರೆ ಅದಕ್ಕೇ ಪೊಲೀಸ್ ಕೆಲಸ ಕೊಡಬೇಕಿತ್ತು. ಹೆಣವನ್ನು ಚೋಮಿಗೆ ಕೊಡದೆ ಅವರೇ ಹೂಳಿದರು.

ಗುರುವಾರ ಚೋಮಿ ಗಂಡ ಸಿಕ್ಕ ಜಾಗ ನೋಡಲು ಹೊಳೆದಂಡೆಗೆ ಬಂದಳು. ಸಾಲಾಗಿ ಒಣಹಾಕಿದ್ದ ಖಾಕಿಯ ನಡುವೆ ಆ ಅಂಗಿ ಕಂಡಿತು. ಅಳಲಿಲ್ಲ. ಅಂಗಿಯ ತೋಳು ಹಿಡಿದು ಹೆಗಲಿನ ತೇಪೆಯನ್ನು ಬೆರಳಲ್ಲಿ ತಡವಿದಳು.

"ಈ ತೇಪೆ ನನ್ ಸೀರೇದು," ಎಂದಳು. ಆಮೇಲೆ ಅಂಗಿಯನ್ನು ಒಳಹೊರಗು ತಿರುಗಿಸಿ ನೋಡಿದಳು. "ನೆತ್ತರೇ ಇಲ್ವಲ್ಲ?"

"ಇತ್ತವ್ವಾ," ಎಂದ ಸಣ್ಣಸ್ವಾಮಿ. "ನಾನೇ ತೆಗ್ದೆ."

ಅವರಿಬ್ಬರೂ ಅಂಗಿ ಹಿಡಿದು ನನ್ನ ಜಗಲಿಗೆ ಬಂದರು. ಈ ಸಲ ಬರೆದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಎಂಥ ಅರ್ಜಿ ಬರೆದೆ ಎಂದರೆ ಮೂರು ವಾರದಲ್ಲಿ ಮೇಲಿನಿಂದ ಒಬ್ಬ ಸಾಹೇಬರು ವಿಚಾರಣೆಗೆ ಬಂದರು. ಅದಕ್ಕೆ ಮುಂಚೆ ದಫೇದಾರ ಸಣ್ಣಸ್ವಾಮಿಯ ಗುಡಿಸಲಿಗೆ ಹೋಗಿ, ಅಂಗಿ ಬುಧವಾರ ಹೊಳೆಯಲ್ಲಿ ಸಿಕ್ಕಿತೆಂದು ಹೇಳು, ನೀನು ಕೂತಿರುವುದು ಸರ್ಕಾರದ ಜಾಗ ಎಂಬುದನ್ನು ಮರೆಯಬೇಡ ಎಂದು ಹೇಳಿಬಂದಿದ್ದ. ನಾನೂ ನನ್ನ ಬುದ್ಧಿಯನ್ನು ಬಿಡಲಿಲ್ಲ. ದಿನ ನೆನಪಿಲ್ಲ ಎಂದುಬಿಡು, ನಿನಗೂ ತೊಂದರೆಯಿಲ್ಲ ಎಂದು ಕಿವಿಮಾತು ಹೇಳಿದೆ.

ವಿಚಾರಣೆಯಲ್ಲಿ ಅವನು ಇದ್ದದ್ದನ್ನು ಇದ್ದಂತೆಯೇ ಹೇಳಿದ. ಮಂಗಳವಾರ ಬೆಳಿಗ್ಗೆ, ಠಾಣೆಯ ಗಂಟಿನಲ್ಲಿ, ನೆತ್ತರಿನ ಅಂಗಿ. ನಿನಗೆ ದಿನ ತಪ್ಪಿರಬೇಕು ಎಂದರು, ತಪ್ಪಿಲ್ಲ ಎಂದ. ಕೊನೆಗೆ ಸಾಹೇಬರು ಅಂಗಿಯನ್ನು ಅವನ ಕೈಗೆ ಕೊಟ್ಟು, ಇದರಲ್ಲಿ ರಕ್ತ ಎಲ್ಲಿದೆ ತೋರಿಸು ಎಂದರು. ಅವನು ಕಿಟಕಿಯ ಬೆಳಕಿಗೆ ಹಿಡಿದು ಹೊಲಿಗೆ ಹೊಲಿಗೆಯಲ್ಲೂ ಹುಡುಕಿದ. ಒಂದೇ ಒಂದು ಚುಕ್ಕೆ ಉಳಿದಿದ್ದರೂ ಸಾಕಿತ್ತು. ಅವನಂಥ ಮಡಿವಾಳ ಈ ಸೀಮೆಯಲ್ಲಿ ಇರಲಿಲ್ಲ, ಅದೇ ಅವನ ಕರ್ಮ. ಇಲ್ಲ ಬುದ್ಧಿ, ನಾನೇ ತೆಗೆದಿದ್ದೇನೆ ಎಂದು ತಲೆ ತಗ್ಗಿಸಿದ. ಸಾಕ್ಷ್ಯವಿಲ್ಲ, ನೀರಿಗೆ ಬಿದ್ದು ಮರಣ ಎಂದು ವರದಿಯಾಯಿತು.

ಸಾಹೇಬರು ಮರಳಿಸಿದ ಆ ಅಂಗಿಯನ್ನೇ ಚೋಮಿ ಹೆಣದ ಬದಲು ಲೈನಿನ ಹಿಂದೆ ಹೂಳಿದಳು. ಹೆಣಕ್ಕೆ ಹಾಸುವಂತೆಯೇ ಸಣ್ಣಸ್ವಾಮಿ ಕೆಳಗೆ ಒಂದು ಮಡಿ ಬಟ್ಟೆ ಹಾಸಿದ. ಕೂಲಿ ಬಿಟ್ಟು ಲೈನಿನವರೆಲ್ಲ ಬಂದಿದ್ದರು.

ಮರುದಿನ ಠಾಣೆಯಿಂದ ಗಂಟು ಬಂತು. ಅವನು ಅದನ್ನು ಬಿಚ್ಚದೆ ಹೊತ್ತು ತಂದು ಮೆಟ್ಟಿಲ ಮೇಲಿಟ್ಟ. ನಾನು ಜಗಲಿಯಿಂದ ನೋಡುತ್ತಿದ್ದೆ. ಯಾಕೋ ಎಂದು ದಫೇದಾರ ಗದರಿದ.

"ಸಾವು ನಮ್ಮನೇಲಿ ಆಯ್ತು ಅಂತ ಒಪ್ಕೊಂಡೋರಿಗೆ ಸೂತಕ ಕಳೀತದೆ ಸ್ವಾಮಿ," ಎಂದ ಸಣ್ಣಸ್ವಾಮಿ. "ನೀವು ಒಪ್ಕೊಂಡಿಲ್ಲ. ನಾನೆಂಗೆ ಮಡಿ ಕೊಡ್ಲಿ?"

ಬೆನ್ನಿಗೆ ಲಾಠಿಯ ಏಟು ಬಿತ್ತು. ಆ ವಾರವೇ ಸರ್ಕಾರಿ ಜಾಗವೆಂದು ಗುಡಿಸಲನ್ನು ಕಿತ್ತುಹಾಕಿದರು, ಹಂಡೆಯನ್ನು ಒಡೆದರು. ಅವನು ಹುಚ್ಚಮ್ಮನನ್ನು ಕರೆದುಕೊಂಡು ಮೇಲೆ ಹರಿಯುವ ಸಣ್ಣ ತೋಡಿನ ನೀರಿನ ಹತ್ತಿರ ಹೊಸ ಗುಡಿಸಲು ಹಾಕಿದ. ದಫೇದಾರನಿಗೆ ವರ್ಗವಾಯಿತು. ಐವತ್ತಾರರಲ್ಲಿ ಕೊಡಗೇ ಮೈಸೂರಿಗೆ ಸೇರಿ ಠಾಣೆಯ ಬೋರ್ಡೂ ಬದಲಾಯಿತು. ಸಣ್ಣಸ್ವಾಮಿಯ ಉತ್ತರ ಬದಲಾಗಲಿಲ್ಲ. ಅವನು ಮತ್ತೆ ಹಂದಿ ಮಾಂಸ ತಿನ್ನಲಿಲ್ಲ. ಕುಯ್ಲಿನ ಕಾಲ ಬಂದರೆ, ಪಾಲು ಕೇಳಿದ ತನ್ನದೇ ದನಿ ತನಗೆ ಕೇಳಿಸುತ್ತದೆ ಎಂದು ಒಗೆಯುವುದನ್ನು ನಿಲ್ಲಿಸಿ ಕೂತುಬಿಡುತ್ತಿದ್ದ ಎಂದು ಹುಚ್ಚಮ್ಮ ಹೇಳುತ್ತಿದ್ದಳು. ಗೋಣಿಯ ಆಚೆ ಬೀರನೂ ಅದನ್ನು ಕೇಳಿಸಿಕೊಂಡನೇ, ಆಗ ಅವನಿಗೆ ಇನ್ನೂ ಜೀವವಿತ್ತೇ ಎಂದು ಅವನು ಅವಳನ್ನು ಪದೇ ಪದೇ ಕೇಳುತ್ತಿದ್ದನಂತೆ.

ಇಷ್ಟು ಹೇಳಿ ಮುಗಿಸಿದರೆ ನನಗೆ ಸುಲಭ. ಅದೇ ವಾರ ನನ್ನ ಹೆಂಡತಿ ಚಲುವಮ್ಮ ಕಳಿಸಿದ ನಮ್ಮ ಮನೆಯ ಗಂಟೂ ಹಾಗೆಯೇ ವಾಪಸ್ಸು ಬಂತು. ಮೈಗೆ ಹುಷಾರಿಲ್ಲವೇನೋ ಎಂದು ವಿಚಾರಿಸಲು ಹೋದೆ. ಅವನು ನನಗೂ ಕೈಮುಗಿದ. ನನಗೆ ರೇಗಿತು. ಠಾಣೆಯವರ ಪಾಪ ಅವರಿಗೆ, ನಾನೇನು ಬೀರನ ಮೇಲೆ ಕೈಯೆತ್ತಿದ್ದೆನೇ ಎಂದು ಕೇಳಿದೆ.

"ಸೋಮವಾರ ಅವ್ನು ಕೆಮ್ತಿದ್ದ ಸ್ವಾಮಿ," ಎಂದ.

ಅಂದಿನಿಂದ ನನ್ನ ಪಂಚೆ ನಾನೇ ಒಗೆದುಕೊಳ್ಳುತ್ತೇನೆ. ಅದು ಮಾಸಲಾಗಿರುವುದನ್ನು ಕಂಡು ಊರವರು ನಗುತ್ತಾರೆ. ಅಂಚೆಕಚೇರಿಯಲ್ಲಿ ಯಾರಾದರೂ ಕೆಮ್ಮಿದರೆ ಬರೆಯುತ್ತಿದ್ದ ಅರ್ಜಿಯನ್ನು ಬಿಟ್ಟು ಎದುರಿನ ಠಾಣೆಯ ಕಡೆ ನೋಡುತ್ತೇನೆ. ಸೋಮವಾರ ಅರ್ಜಿ ಬರೆದಿದ್ದರೆ ಬೀರ ಉಳಿಯುತ್ತಿದ್ದನೋ ಏನೋ, ನಾನು ಬರೆಯಲಿಲ್ಲ, ಆ ಸಾವು ನನ್ನ ಜಗಲಿಯಲ್ಲೂ ಆಯಿತು. ಇದನ್ನು ಸಣ್ಣಸ್ವಾಮಿ ಇದ್ದಾಗಲೇ ಅವನ ಮುಂದೆ ಹೇಳಬಹುದಿತ್ತು. ಈಗ ಒಪ್ಪಿಕೊಂಡಿದ್ದೇನೆ. ಮಡಿ ತಂದುಕೊಡಲು ಅವನಿಲ್ಲ.