ಅತ್ತಿಯ ಕವಿತೆಯಲ್ಲಿದ್ದ ಓಣಿ

ಕಾರ್ಬನ್ ಕಾಗದದ ವಾಸನೆ ನಿಮಗೂ ನೆನಪಿರಬೇಕು; ಸೀಮೆಎಣ್ಣೆಗೂ ಮಸಿಗೂ ನಡುವಿನದು. ಹೋದ ತಿಂಗಳು ತೀರಿಕೊಂಡ ನನ್ನ ಸೋದರತ್ತೆಯ, ನಮ್ಮ ಬಾಯಲ್ಲಿ ಅತ್ತಿಯ, ಟ್ರಂಕು ತೆರೆದಾಗ ಮೊದಲು ಬಂದದ್ದು ಅದೇ. ಅದರ ಹಿಂದೆಯೇ ಬಂತು ನಾರಾಯಣಗೂಡದ ನಮ್ಮ ಬಾಡಿಗೆ ಮನೆ, ಮಧ್ಯಾಹ್ನವೂ ತಣ್ಣಗಿರುತ್ತಿದ್ದ ಶಹಾಬಾದ್ ಕಲ್ಲಿನ ನೆಲ, ಅದರ ಮೇಲೆ ಬೋರಲು ಮಲಗಿ ಅತ್ತಿಯ ಕವಿತೆಗಳನ್ನು ನಕಲು ಮಾಡುತ್ತಿದ್ದ ಹತ್ತು ವರ್ಷದ ನಾನು. ಭಾನುವಾರ ನಮ್ಮ ಪಡಸಾಲೆಯಲ್ಲಿ ತೆಲುಗು, ಉರ್ದು ಆಡುವ ಈ ಊರಿನ ಕನ್ನಡದ ನಾಲ್ಕಾರು ಮನೆಯವರು ಕೂಡಿ ಕವಿತೆ ಓದುತ್ತಿದ್ದರು. ಎಲ್ಲರ ಕೈಗೂ ಒಂದು ಪ್ರತಿ ಬೇಕು. ಅತ್ತಿಯ ಅಕ್ಷರ ಯಾರಿಗೂ ತಿಳಿಯುತ್ತಿರಲಿಲ್ಲ, ನನ್ನದು ದುಂಡಗಿತ್ತು.

ಆ ವರ್ಷ ಊರಲ್ಲಿ ಹಿಂದೂ-ಮುಸ್ಲಿಂ ಗಲಭೆಯಾಗಿ ಕರ್ಫ್ಯೂ ಬಿದ್ದಿತ್ತು. ಅದು ಸಡಿಲವಾದ ಎರಡು ತಾಸಿನಲ್ಲಿ, ಬಟ್ಟೆ ಹೊಲಿಯುತ್ತಿದ್ದ ಪಕ್ಕದ ಮನೆಯ ಖಾಲಾ ಮಷೀನನ್ನೂ ಬಿಟ್ಟು ಆಟೋ ಹತ್ತಿ ಹೋದರು. ತಿರುಗಿ ಬರಲಿಲ್ಲ. ಅತ್ತಿ ಅವರ ಮೇಲೆ ಕವಿತೆ ಬರೆದಳು. ಅದರಲ್ಲಿ ಓಣಿಯ ಹೆಸರಿತ್ತು, ಒಂದೊಂದು ಬಾಗಿಲಿನವರ ಹೆಸರಿತ್ತು, ಕೊನೆಯ ಸಾಲಿನಲ್ಲಿ ಖಾಲಾರ ಹೆಸರು. "ಹೆಸರೆಲ್ಲಾ ತೆಗಿ. ನಂದು ಸರ್ಕಾರಿ ನೌಕರಿ ಐತಿ," ಅಂದರು ಅಪ್ಪ. "ಅಣ್ಣಾ, ನೀ ಕವಿತಾ ಓದಾಕತ್ತೀಯೋ, ಆಫೀಸಿನ ಫೈಲ್ ನೋಡಾಕತ್ತೀಯೋ?" ಅಂದಳು ಅತ್ತಿ. ಅಪ್ಪ ನಗಲಿಲ್ಲ, ನನ್ನ ಕಡೆ ನೋಡಿದರು. ಓಣಿಯ ಹೆಸರಿದ್ದಲ್ಲಿ ನಾನು 'ಒಂದು ಓಣಿ' ಎಂದು ಬರೆದೆ, ಖಾಲಾರ ಹೆಸರಿದ್ದಲ್ಲಿ 'ಒಬ್ಬಾಕೆ' ಎಂದು. ಅತ್ತಿ ಬರೆದ ಹಾಳೆ ಬಚ್ಚಲ ಒಲೆಗೆ ಹೋಯಿತು. ಭಾನುವಾರ ಬಂದವರು ವಾಹ್ ವಾಹ್ ಅಂದು ಚಹಾ ಕುಡಿದು ಎದ್ದರು. ಆಮೇಲೆ ಅತ್ತಿ ಪ್ರತಿ ಮಡಚುತ್ತಾ, "ಭಾಳ ಚಂದ ಬರದೀ ತಂಗೀ. ಯಾವ ಊರಿಗಾದರೂ ಹೊಂದತೈತಿ," ಅಂದಳು. ಹೊಗಳಿಕೆ ಎಂದೇ ತಿಳಿದು ಹಿಗ್ಗಿದೆ. ಮುಂದೆ ಅವಳು ಬರೆದದ್ದನ್ನು ನನಗೆ ಕೊಡಲಿಲ್ಲ.

ಈಗಿನ ಹುಡುಗ ಹುಡುಗಿಯರು ಈ ಊರಿನ ಬಗ್ಗೆ ಕವಿತೆ ಓದುವುದನ್ನು ಹೋಗಿ ಕೇಳುತ್ತೇನೆ. ಗಲ್ಲಿ, ಚೌಕ, ಸತ್ತವರು, ಎಲ್ಲವನ್ನೂ ಹೆಸರು ಹಿಡಿದು ಕರೆಯುತ್ತಾರೆ. ಪಕ್ಕದ ಕುರ್ಚಿಯಲ್ಲಿ ಅತ್ತಿ ಇರಬೇಕಿತ್ತು ಅನಿಸುತ್ತದೆ.

ಟ್ರಂಕಿನಲ್ಲಿ ಸಿಕ್ಕಿದ್ದು ನನ್ನದೇ ನಕಲು. ಮಣಿಕೊಂಡದ ನನ್ನ ಈಗಿನ ಮನೆಯಲ್ಲಿ ಕೂತು, ಪೆನ್ಸಿಲ್ಲಿನಿಂದ ಒಂದೊಂದೇ ಹೆಸರು ಮರಳಿ ಬರೆಯುತ್ತಿದ್ದೇನೆ. ಬಾವಿ ಓಣಿ ಬಂತು. ಇಸ್ತ್ರಿಯ ಯಾದಯ್ಯ ಬಂದ, ಮೂಲೆಮನೆಯ ಸರೋಜಮ್ಮ ಟೀಚರ್ ಬಂದರು. ಕೊನೆಯ ಸಾಲಿಗೆ ಕೈ ನಿಂತಿದೆ. ನಾವು ಮಕ್ಕಳೆಲ್ಲ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆವು. ನನ್ನ ಫ್ರಾಕಿನ ಅಳತೆ ಅವರಿಗೆ ಬಾಯಿಪಾಠವಿತ್ತು. ಅವರ ಹೆಸರನ್ನು ನಾನು ಓದಿದ್ದು ಒಮ್ಮೆ ಮಾತ್ರ, ಅದನ್ನು ಬಿಟ್ಟು ಬರೆಯುವಾಗ.